ಏಳರ ಮಗ್ಗಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ:
ಪಿ.ಟಿ. ಪೀರಿಯಡ್ಡು ಕದಿಯುತ್ತಿದ್ದವಳು ನಾನೇ.
ಹನ್ನೊಂದು ವರ್ಷ, ಮಂಗಳವಾರ, ಶುಕ್ರವಾರ,
ಊಟದ ಬೆಲ್ಲಿಗೆ ಮುಂಚೆ ಚಾಕ್‌ಪೀಸು ಹಿಡಿದು ನುಗ್ಗಿ
"ಕೂತ್ಕೊಳ್ಳಿ, ಲೆಕ್ಕ ಬಾಕಿ ಇದೆ" ಅಂದವಳು.
ಭಾಸ್ಕರ ಕುಂದರ್ ಮಾಸ್ತರು ವಿಷಲ್ಲು ಜೇಬಿಗಿಳಿಸಿ
ಮಸ್ಟರಿಗೆ ಗೆರೆ ಹಾಕಲು ಹೊರಟುಬಿಡುತ್ತಿದ್ದರು.
ಜಗಳವಾಡುವ ಜನವಲ್ಲ. ನನಗೆ ಅಷ್ಟೇ ಸಾಕಿತ್ತು.

ವಡಾಲದ ಮುನಿಸಿಪಾಲಿಟಿ ಕಟ್ಟಡ ನಮ್ಮದು.
ಕೆಳಗೆ ಮರಾಠಿ, ಮೊದಲ ಮಾಳಿಗೆ ಉರ್ದು, ಎರಡನೆಯದು ತಮಿಳು,
ತುತ್ತತುದಿಗೆ, ಬಿಸಿಲಿಗೆ ಹತ್ತಿರ, ಕನ್ನಡ.
ಅಂಗಳ ಇತ್ತು ಅನ್ನಬೇಕು. ಈಗಲ್ಲಿ
ನೀರಿನ ಟ್ಯಾಂಕರು ನಿಲ್ಲುತ್ತವೆ, ಮೇ ತಿಂಗಳಲ್ಲಿ ಯಾರದೋ ಮದುವೆ.
ಮಕ್ಕಳು ಓಡುವುದೆಂದರೆ
ಹಾರ್ಬರ್ ಲೈನಿನ ಗಾಡಿ ಹೋದಾಗ, ಕಿಟಕಿಯವರೆಗೆ.

ಸಾಬಣ್ಣ ಸೇರಿದ್ದು ಅರ್ಧ ವರ್ಷ ಕಳೆದ ಮೇಲೆ.
ಯಾದಗಿರಿ ಕಡೆಯವನು. ಅಪ್ಪ ಅವ್ವ ಇಬ್ಬರೂ
ಆಂಟಾಪ್ ಹಿಲ್‌ನ ಮೂವತ್ತು ಮಾಳಿಗೆಯ ಸೈಟಿನಲ್ಲಿ.
ಒಂಬತ್ತು ವರ್ಷದ ಹುಡುಗ, ಬೆಂಚಿನ ಮೇಲೆ
ಕೊಡದೊಳಗೆ ಬಿದ್ದ ಕಪ್ಪೆಯ ಹಾಗೆ.
ಏಳರ ಮಗ್ಗಿ ಕೇಳಿದರೆ ಹದಿನಾಲ್ಕಕ್ಕೇ ಬಾಯಿ ಕಟ್ಟುತ್ತಿತ್ತು.
ಬರೆಸಿದೆ, ನೂರು ಸಲ. ಕೈ ಬರೆಯಿತು.
"ತಲೆಯಲ್ಲಿ ಏನಿದೆಯೋ ನಿಂಗೆ?"
ನಿಜವಾಗಿಯೂ ಮುಟ್ಟಿ ನೋಡಿಕೊಂಡ:
"ಸಿಮಿಟ್ ಅದರೀ, ಟೀಚರ್."
ಸುಳ್ಳಲ್ಲ. ಕೂದಲ ತುಂಬ ಬೂದು ಧೂಳು.

ಒಂದು ಶುಕ್ರವಾರ ಡಸ್ಟರು ಕೆಳಗೆ ಆಫೀಸಿನಲ್ಲೇ ಉಳಿಯಿತು.
"ಓಡು" ಅಂದೆ.
ಎಷ್ಟು ದಿನವಾಗಿತ್ತೋ ಯಾರಾದರೂ ಅವನಿಗೆ ಆ ಮಾತು ಹೇಳಿ.
ಇಳಿದದ್ದು ಕಾಣಲಿಲ್ಲ. ಹತ್ತಿದ್ದು ಕೇಳಿಸಿತು.

ನಮ್ಮ ಮೆಟ್ಟಿಲು ಚೌಕದ ಬಾವಿಯಂತೆ ಸುತ್ತಿ ಬರುತ್ತದೆ,
ತಿರುವಿಗೆ ಏಳು, ಮಾಳಿಗೆಗೆ ಮೂರು ತಿರುವು.
ಹದಿನೆಂಟು ವರ್ಷ ಮಂಡಿ ಹಿಡಿದು ಹತ್ತಿದ ನಾನು, ಲೆಕ್ಕದ ಟೀಚರು,
ಎಣಿಸಿಯೇ ಇರಲಿಲ್ಲ.
ಅವನು ಎಣಿಸುತ್ತ ಬರುತ್ತಿದ್ದ:
ಏಳೊಂದ್ಲೆ ಏಳು, ಒಂದು ಉಸಿರು,
ಏಳೆರಡ್ಲೆ ಹದಿನಾಲ್ಕು, ಗೋಡೆಗೆ ಅಂಗೈ ಬಡಿತ,
ಏಳ್ಮೂರ್ಲೆ ಇಪ್ಪತ್ತೊಂದು, ಉರ್ದು ಶಾಲೆಯ ಬಾಗಿಲು.
ನಲವತ್ತೆರಡಕ್ಕೆ ಯಾರದೋ ಡಬ್ಬಿಯ ಹುಳಿಸಾರಿನ ವಾಸನೆ.
ಏಳೆಂಟ್ಲೆ...
ಆ ತಿರುವಿನಲ್ಲಿ ಬಲ್ಬಿಲ್ಲ. ಸಣ್ಣವಳಿದ್ದಾಗ ನಾನೂ
ಎಡವುತ್ತಿದ್ದದ್ದು ಅಲ್ಲೇ, ಏಟು ತಿಂದದ್ದೂ.
ಏಳೆಂಟ್ಲೆ ಐವತ್ತಾರು!
ಅರವತ್ಮೂರಕ್ಕೆ ಹೊಸ್ತಿಲಲ್ಲಿ ನಿಂತಿದ್ದ,
ಮುಖ ಹೆಂಚಿನ ಮೇಲೆ ಉಬ್ಬಿದ ರೊಟ್ಟಿ,
ಡಸ್ಟರನ್ನು ಕೆಳಗೇ ಮರೆತು.

ಮಂಗಳವಾರ ಕುಂದರ್ ಮಾಸ್ತರ ಹತ್ತಿರ ಹೋದೆ.
"ನಿಮ್ಮ ಪೀರಿಯಡ್ಡು ವಾಪಸ್ಸು."
ವಿಷಲ್ಲು ಹೊರತೆಗೆದರು, ಕಿವಿಯ ಹತ್ತಿರ ಅಲ್ಲಾಡಿಸಿದರು,
ಒಳಗಿನ ಕಾಳು ಇನ್ನೂ ಇದೆಯೇ ಅಂತ.
"ರಕ್ತ ಮೇಲೆ ಹತ್ತಬೇಕಲ್ಲ ಟೀಚರೇ,
ಮೂರನೇ ಮಾಳಿಗೆಗೆ ಪಂಪು ಹಾಕದೆ ನೀರು ಬರ್ತದಾ?"
ಹನ್ನೊಂದು ವರ್ಷ ಈ ಮಾತು
ಅವರ ಜೇಬಿನಲ್ಲೇ ಇತ್ತು.

ಎಲ್ಲರಿಗೂ ಲೆಕ್ಕ ಬಂತು ಅನ್ನಲಾರೆ.
ಹುಲಿಗೆಮ್ಮನಿಗೆ ಇವತ್ತಿಗೂ ಭಾಗಾಕಾರವೆಂದರೆ ಅಳು;
ಆದರೆ ಮಧ್ಯಾಹ್ನ ಬೆಂಚಿಗೆ ತಲೆಯಿಟ್ಟು ಮಲಗುವುದಿಲ್ಲ,
ಬೆರಳೆತ್ತಿ "ಯಾಕೆ?" ಅಂತ ಕೇಳುತ್ತಾಳೆ.
ತಮಿಳು ಶಾಲೆಯ ಹೆಡ್ಡು ಗದ್ದಲದ ಬಗ್ಗೆ ಎರಡು ದೂರು ಬರೆದರು,
ಮೂರನೆಯದರ ಬದಲು ತಮ್ಮ ಮಕ್ಕಳನ್ನು ಕಳಿಸಿದರು.

ಮಾರ್ಚಿನಲ್ಲಿ ಪರೀಕ್ಷೆ.
ಮೇಲ್ವಿಚಾರಣೆಗೆ ಬೇರೆ ಶಾಲೆಯವರು,
ನಾನು ಬಾಗಿಲಾಚೆ, ತುಟಿ ಬಿಚ್ಚುವ ಹಾಗಿಲ್ಲ.
"ಏಯ್, ಕಾಲು ಸುಮ್ಮನಿಡು" ಅಂದರು ಅವರು.
ಸಾಬಣ್ಣ ಕಾಲು ಸುಮ್ಮನಿಟ್ಟ.
ಆದರೆ ಹರಿದ ಚಪ್ಪಲಿಯಾಚೆ ಇಣುಕುವ ಹೆಬ್ಬೆರಳು
ಹತ್ತುತ್ತಲೇ ಇತ್ತು, ಮೆಲ್ಲಗೆ, ಒಂದೊಂದೇ ಮೆಟ್ಟಿಲು,
ಉರ್ದು ದಾಟಿ, ತಮಿಳು ದಾಟಿ,
ಬಲ್ಬಿಲ್ಲದ ಆ ತಿರುವಿನ ಕಡೆಗೆ.