ಷರಾ

ವಾಲ್ನೂರಿನ ಕೆಳಗೆ, ಕಾವೇರಿ ಬಂಡೆಸಂದಿಗೆ ತಿರುಗುವಲ್ಲಿ
ಬೆಳಗ್ಗೆ ಆರೂ ಹತ್ತು. ಪುತ್ತರಿ ಕಳೆದು ತಿಂಗಳಾಗಿದೆ.
ನೀರು ಅಳತೆಗೋಲಿನ ಮೂರನೇ ಗೀಟಿಗಿಂತ ಎರಡು ಬೆರಳು ಕೆಳಗೆ.
ಬರೆದುಕೊಂಡೆ.
ಕುಳಿಯ ರಾಗಿಮುದ್ದೆ ಮುರಿದು ನಿಂಬೆಗಾತ್ರದ ಉಂಡೆ ಕಟ್ಟುತ್ತಿದ್ದಾನೆ,
ಒಂದು ಗಾಳಕ್ಕೆ, ಒಂದು ತನ್ನ ಬಾಯಿಗೆ.
ಅದಕ್ಕೆ ಕಾಲಂ ಇಲ್ಲ.

ಈ ಉದ್ದ ಪುಸ್ತಕ ಮೊದಲು ಪಶು ಆಸ್ಪತ್ರೆಯ ಔಷಧಿ ಲೆಕ್ಕದ್ದು.
ಖಾಲಿ ಉಳಿದ ಹಾಳೆಗಳಿಗೆ ನಾನೇ ಗೀಟೆಳೆದೆ:
ತಾರೀಖು, ಜಾತಿ, ಉದ್ದ, ಸುತ್ತಳತೆ, ಬಿಟ್ಟ ಹೊತ್ತು.
ಅಂಚಿನಲ್ಲಿ ಜಾಗ ಮಿಕ್ಕಿತ್ತೆಂದು, ಷರಾ.

ಎರಡು ಗಂಟೆ ಬರೀ ಜಿಲೇಬಿ ಮೀನು.
ಒಂದು, ಎರಡು, ಒಂಬತ್ತು.
ಯಾರೋ ಎಲ್ಲಿಂದಲೋ ತಂದು ಬಿಟ್ಟವು,
ಈಗ ಇವೇ ಹೊಳೆಗೆ ಮನೆಯವರು.
ಆಚೆ ದಡದ ಹೊಳೆಮತ್ತಿಯ ಬೇರಿನಡಿ ನೀರುನಾಯಿ, ಐದು.
ಅಲ್ಲ, ಆರು. ಮನಸ್ಸಿಲ್ಲದ ಒಂದು ಮರಿಯನ್ನು
ತಾಯಿ ಕತ್ತು ಕಚ್ಚಿ ತಂದು ನೀರಿಗೆ ಹಾಕಿತು.
ಅವು ಮೀನನ್ನು ತಲೆಯಿಂದ ತಿನ್ನುತ್ತವೆ;
ಮೂಳೆ ಮುರಿಯುವ ಸದ್ದು ಹೊಳೆ ದಾಟಿ ನಮ್ಮವರೆಗೂ ಬಂತು.

"ದೇಚಕ್ಕ, ತಿಂದದ್ದೆಷ್ಟು ಅಂತ ನಿನ್ನ ಪುಸ್ತಕದಲ್ಲಿ ಎಲ್ಲಿದೆ?"
ವರ್ಷಕ್ಕೊಮ್ಮೆಯಾದರೂ ಕೇಳುತ್ತಾನೆ.
ಇಲ್ಲ, ಎಂದೆ.
"ನಮ್ಮಜ್ಜಿ ಇದ್ದಿದ್ರೆ ಬೈತಿದ್ಲು.
ತಿನ್ನದೆ ಹಿಡಿಯೋದು, ಊಟಕ್ಕೆ ಕರೆದು ಬಾಗಿಲು ಹಾಕ್ಕೊಂಡ ಹಾಗೆ."

ಒಂಬತ್ತೂ ನಲವತ್ತಕ್ಕೆ ದಾರ ನಿಂತಿತು.
ಎಳೆಯಲಿಲ್ಲ, ಬಂಡೆಗೆ ಸಿಕ್ಕಂತೆ ನಿಂತಿತು;
ಆಮೇಲೆ ಆ ಬಂಡೆ ನಡೆಯತೊಡಗಿತು.
ಕುಳಿಯ ಸೊಂಟದ ತನಕ ನೀರಿಗಿಳಿದ.
ಇಪ್ಪತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.

ನೀರಲ್ಲೇ ಹಿಡಿದ ಒದ್ದೆ ಬಟ್ಟೆಯ ತೊಟ್ಟಿಲಲ್ಲಿ ಮಹಶೀರ್,
ಚಿನ್ನ ಅನ್ನಲಾರೆ, ಹಳೆಯ ಹಿತ್ತಾಳೆ ಕೊಡದ ಬಣ್ಣ.
ಎಡಪಕ್ಕದಲ್ಲಿ ಒಂದೇ ಒಂದು ಹುರುಪೆ ಮಸುಕು.
ಬೆರಳಿಟ್ಟ ಮೇಲೆ ನೆನಪಾಯಿತು:
ನಾಲ್ಕು ವರ್ಷದ ಕೆಳಗೆ ಅಲ್ಲಿಂದ ಒಂದನ್ನು ಚಿಮಟದಲ್ಲಿ ಕಿತ್ತವಳು ನಾನು.

ಹಾಳೆ ಹಿಂದೆ ತಿರುಗಿಸಿದೆ. ಇದೆ. ಅರವತ್ತೊಂದು ಸೆಂಟಿಮೀಟರ್.
ಹಳದಿಗಟ್ಟಿದ ಟೇಪಿನಡಿ, ಉಗುರಿನಂಥ ಆ ಹುರುಪೆ,
ಬಳೆಯೊಳಗೆ ಬಳೆ, ಒಂದೊಂದೂ ಒಂದು ವರ್ಷ;
ನಡುವೆ ಒಂದು ಕೂದಲೆಳೆಯಷ್ಟು ಸಣಕಲು.
ಬೆಟ್ಟ ಜಾರಿ ಹೊಳೆ ಕೆಂಪಾಗಿ ಹರಿದ ಮಳೆಗಾಲ ಅದು,
ಅದೇನೂ ತಿಂದಿರಲಿಲ್ಲ. ನಾವೂ ಸರಿಯಾಗಿ ತಿಂದಿರಲಿಲ್ಲ.

ಕಿತ್ತ ಜಾಗದಲ್ಲಿ ಹುರುಪೆ ಮತ್ತೆ ಬೆಳೆಯುತ್ತದೆ,
ಬೇಗ, ಸರಿಯಾದ ಅಳತೆಗೆ.
ಒಳಗಿನ ಬಳೆಗಳು ಮಾತ್ರ ಬರುವುದಿಲ್ಲ. ನಡು ಬೋಳು.
ಆ ಒಂದು ಚುಕ್ಕಿಯಷ್ಟು ಬಾಲ್ಯ
ನನ್ನ ಔಷಧಿ ಪುಸ್ತಕದಲ್ಲಿದೆ.

ಎಂಬತ್ತೆಂಟು. ಸುತ್ತಳತೆ ನಲವತ್ತಾರು.
ಚಿಮಟ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ.
ಕುಳಿಯ ಅದರ ಮೂತಿಯನ್ನು ಹರಿವಿಗೆ ತಿರುಗಿಸಿ ಹಿಡಿದ;
ಕಿವಿರು ತೆರೆಯಿತು, ಮುಚ್ಚಿತು, ತೆರೆಯಿತು.
ಬಾಲದ ಒಂದು ಬೀಸಿಗೆ ನನ್ನ ಕನ್ನಡಕ ಒದ್ದೆ.
ಬಿಟ್ಟ ಹೊತ್ತು, ಹತ್ತೂ ಏಳು.

ಷರಾದಲ್ಲಿ ಮರುಭೇಟಿ ಎಂದು ಬರೆದೆ.
ಅವನು ಅಂಗೈ ಮೂಸಿ, ನನ್ನ ಕಡೆ ಚಾಚಿದ.
ಹುಳಿತ ಕಾಫಿ ಸಿಪ್ಪೆ.
ಮೇಲೆ ಯಾವುದೋ ತೋಟದವರು ಪಲ್ಪರ್ ನೀರು ಹೊಳೆಗೆ ಬಿಟ್ಟಿದ್ದಾರೆ.
"ಇದನ್ನೂ ಬರಿ."
ಜಾಗವಿರಲಿಲ್ಲ. ಗೀಟು ದಾಟಿ, ಹಾಳೆಯಂಚಿನ ಉದ್ದಕ್ಕೂ,
ಪುಸ್ತಕ ಅಡ್ಡ ತಿರುಗಿಸಿ ಬರೆದೆ.

ಹೊರಡುವ ಮುಂಚೆ ಅವನು ಉಳಿದೊಂದು ಉಂಡೆಯನ್ನು
ಗಾಳವಿಲ್ಲದೆ ಮಡುವಿಗೆ ಎಸೆದ.
ಯಾವುದೋ ಜಿಲೇಬಿ ಮೀನು ತಿಂದಿರಬೇಕು.