ಅರ್ಥ್ ಕೊಡುವುದು

ಕೋಡಿಬಾಗದ ತಿರುವಿನಲ್ಲಿ ನನ್ನ ಅಂಗಡಿ.
ಬೋರ್ಡಿನ ಮೇಲೆ ಆಟೋ ಎಲೆಕ್ಟ್ರಿಕಲ್ಸ್ ಎಂದಿತ್ತು, ಈಗ
ಉಪ್ಪುಗಾಳಿ ತಿಂದು ಉಳಿಸಿದ್ದು 'ಟೋ' ಮತ್ತು 'ಕಲ್ಸ್'.
ಗುರುತಿನವರು ಹೇಗೂ ಬರುತ್ತಾರೆ.

ಶೇವಂತಿ ತಾಂಡೇಲ ಬಂದದ್ದು ಮಂಗಳವಾರ, ತನ್ನ ಓಮ್ನಿಯಲ್ಲಿ.
ಹಿಂದಿನ ಸೀಟಿದ್ದಲ್ಲಿ ಐಸಿನ ಡಬ್ಬಗಳು,
ಮಡಿಲಲ್ಲಿ ಟವೆಲು ಸುತ್ತಿದ ಒಂದು ಪೆಟ್ಟಿಗೆ:
ಹಡಗಿನಲ್ಲಿ ಅಡುಗೆ ಮಾಡುವ ತಮ್ಮ ತಂದದ್ದಂತೆ,
ಉಪಗ್ರಹದ ರೇಡಿಯೊ.
"ಸಿಗರೇಟ್ ಲೈಟರಿಗೆ ಚುಚ್ಚುವುದು ಬೇಡ,
ಹೊಂಡ ಬಂದಾಗೆಲ್ಲ ಕಳಚಿ ಬೀಳ್ತದೆ.
ಒಳಗಿಂದಲೇ ಕೊಡು. ಗಾಡಿಗೇ ಹುಟ್ಟಿದ್ದು ಅನ್ನಬೇಕು."

ಹಾಡಿಗಾ? ಎಂದೆ.
"ಹಾಡು ಯಾರಿಗೆ ಬೇಕು. ಬೈತಕೋಲದಲ್ಲಿ
ನಾಲ್ಕಕ್ಕೇ ಹೋಗಿ ಕೂತಿರ್ತೇನೆ, ಬೋಟು ಬರುವುದು ಐದೂವರೆಗೆ.
ಯಾರಾದರೂ ಮಾತಾಡ್ತಿದ್ದರೆ ಸಾಕು.
ನನ್ನ ಹತ್ತಿರವೇ ಆಡಬೇಕೆಂದಿಲ್ಲ."

ಮೂರು ತಂತಿ. ಕಪ್ಪು, ಕೆಂಪು, ಹಳದಿ.
ಕೆಂಪು ಕೀಲಿಯ ಮಾತು ಕೇಳುವ ಜಾತಿ,
ತಿರುಗಿಸಿದರೆ ಎದ್ದಿತು, ತೆಗೆದರೆ ಮಲಗಿತು.
ಹಳದಿಗೆ ನಿದ್ದೆ ಇರಬಾರದು, ಸೀದಾ ಬ್ಯಾಟರಿಗೆ ಹೋಗಬೇಕು.
ನಾನು ಎರಡನ್ನೂ ಒಟ್ಟಿಗೆ ಹೊಸೆದು ಕೀಲಿಗೇ ಕಟ್ಟಿ ಕಳಿಸಿದೆ.
ಎರಡು ಗಜ ತಂತಿ ಉಳಿಯಿತು, ಅರ್ಧ ತಾಸೂ.

ಗುರುವಾರ ಅಂಗಡಿ ಮುಂದೆ ಹಾರ್ನು. ಅವಳು ಇಳಿಯಲೇ ಇಲ್ಲ.
"ಕೀಲಿ ತೆಗೆದರೆ ಎಲ್ಲ ಮರೀತದೆ ಇದು.
ದಿನಾ ಕತ್ತಲಲ್ಲಿ ಮೊದಲಿಂದ ಹುಡುಕಬೇಕು.
ನನ್ನ ಅತ್ತೆ ಹಾಗೇ ಆಗಿದ್ದಳು ಕಡೆಗೆ, ನಾನು ಹೇಳಿಕೊಡ್ತಿದ್ದೆ.
ಯಂತ್ರಕ್ಕೂ ಅದನ್ನೇ ಮಾಡಬೇಕೇನೋ?"

ಡ್ಯಾಶ್‌ಬೋರ್ಡು ಮತ್ತೆ ಬಿಚ್ಚಿದೆವು.
ಹಳಿಯಾಳದ ದುಮಿಂಗ, ನನ್ನ ಹುಡುಗ, ಮ್ಯಾಟಿನಡಿ ಕೈಹಾಕಿ
ಮೀನಿನ ಹುರುಪೆಗಳ ನಡುವೆ ಹಳದಿ ತಂತಿ ಎಳೆದ.
ಬ್ಯಾಟರಿಯ ಬಾಯಲ್ಲೇ ಐದು ಆಂಪಿನ ಫ್ಯೂಸು ಕೂರಿಸಿದೆ.
ಏನಾದರೂ ಆದರೆ ಮೊದಲು ಸಾಯಬೇಕಾದವ ಅವನು,
ದೂರ ಇಟ್ಟರೆ ಪ್ರಯೋಜನವಿಲ್ಲ.

ಆದರೂ ಕುಂಯ್ ಎನ್ನುತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ
ಸೊಳ್ಳೆಯ ಸ್ವರ ಮೇಲೆ.
ಅರ್ಥ್ ಸರಿಯಿಲ್ಲ, ಎಂದೆ.
"ಅರ್ಥ ಆಗದಿದ್ದರೂ ಅಡ್ಡಿಲ್ಲ," ಅಂದಳು, "ಕೇಳಿದರಾಯ್ತು."

ನಾಲ್ಕು ರಬ್ಬರಿನ ಮೇಲೆ ನಿಂತ ಗಾಡಿಗೆ ಎಲ್ಲಿಯ ನೆಲ?
ಅದರ ಮೈಯೇ ಅದಕ್ಕೆ ಭೂಮಿ.
ಉಪ್ಪು ತಿಂದದ್ದನ್ನು ಉಪ್ಪುಕಾಗದದಲ್ಲೇ ಉಜ್ಜಿದೆ.
ಬಿಳಿ ಬಣ್ಣ, ಅದರಡಿ ಹಳದಿ ಬಣ್ಣ
(ಹಿಂದೊಮ್ಮೆ ಶಾಲೆಯ ಮಕ್ಕಳನ್ನು ಹೊತ್ತಿರಬೇಕು),
ಅದರಡಿ ತುಕ್ಕು, ತುಕ್ಕಿನಡಿ ತುಕ್ಕು,
ಬೆರಳ ಚರ್ಮ ಹೋಗುವಷ್ಟು ಹೊತ್ತು; ಕಡೆಗೆ
ಎಂಟಾಣೆಯಗಲದ ತಗಡು ಕಣ್ಣು ಬಿಟ್ಟಿತು.
ಕರಿ ತಂತಿ, ವಾಷರು, ಬೋಲ್ಟು.
ಸೊಳ್ಳೆ ನಿಂತಿತು.

ಆಂಟೆನಾ ಹಿಡಿದು ದುಮಿಂಗ ಕಡಲಿಗೆ ಮುಖ ಮಾಡಿ ನಿಂತ.
ದೂರದ್ದೆಲ್ಲ ಅಲ್ಲಿಂದಲೇ ಬರುವುದೆಂದು ಈ ಊರಿನ ನಂಬಿಕೆ:
ಹಡಗು, ಬಿರುಗಾಳಿ, ತಮ್ಮಂದಿರ ಪಾರ್ಸೆಲ್ಲು.
ಪೆಟ್ಟಿಗೆ ತುಟಿ ಬಿಚ್ಚಲಿಲ್ಲ.
ಕೈಸೋತು ಅವನು ಈಚೆ ತಿರುಗಿದ, ಅಷ್ಟೇ;
ಬೆನ್ನ ಹಿಂದೆ, ಗುಡ್ಡದ ಗೇರುಮರಗಳಿಗಿಂತ ಬಹಳ ಮೇಲೆ
ಎಂದಿನಿಂದಲೋ ಅದು ಅಲ್ಲೇ ನಿಂತಿತ್ತು.
ನಿಂತದ್ದಲ್ಲ, ಭೂಮಿಯ ಜೊತೆ ಓಡುತ್ತಿದೆ, ಎಂದು ವಿವರಿಸಹೋದೆ.
ಯಾರೂ ಕೇಳುತ್ತಿರಲಿಲ್ಲ.

ಒಬ್ಬ ಗಂಡಸು, ಗೊತ್ತಿಲ್ಲದ ಭಾಷೆ, ಅವಸರವಿಲ್ಲದೆ
ಏನೋ ಓದುತ್ತಿದ್ದ: ಒಂದು ಹೆಸರು, ಒಂದು ತಡೆ, ಮತ್ತೊಂದು ಹೆಸರು.
ಶೇವಂತಿ ಸೆರಗಿಂದ ಬೆವರೊರೆಸಿ ಕಿವಿಗೊಟ್ಟು,
"ಇವನೂ ಮೀನಿನ ರೇಟೇ ಹೇಳ್ತಿದ್ದಾನಲ್ಲೋ!"

ಕೀಲಿ ತೆಗೆದಳು. ಕಾದಳು. ಹಾಕಿದಳು.
ಅವನು ಅಲ್ಲೇ ಇದ್ದ.

ಮುನ್ನೂರು ಹೇಳಿದ್ದೆ, ಮೊದಲ ಸಲದ ತಪ್ಪು ಕಳೆದು
ಇನ್ನೂರು ಕೊಟ್ಟಳು. ಎಂಟು ಬಂಗಡೆ ಕಾಗದದಲ್ಲಿ ಸುತ್ತಿ
ಟೂಲ್‌ಬಾಕ್ಸಿನ ಮೇಲಿಟ್ಟು ಹೋದಳು.
ಐಸು ಕರಗಿ ಟೆಸ್ಟರಿನ ಒಳಗೆ ಇಳಿಯಿತು. ಅಂದಿನಿಂದ ಅದು
ಬರೀ ಗಾಳಿಗೆ ಮುಟ್ಟಿಸಿದರೂ ಮಿಣುಕುತ್ತದೆ.