ಪದವಿನಲ್ಲಿ ಎಂಟಡಿ

ಟೇಪಿನ ಒಂದು ತುದಿ ನನ್ನ ಕೈಯಲ್ಲಿ.
ಇನ್ನೊಂದನ್ನು ಹಿಡಿದು ಡೈರಿಯ ಸಿರಿಲ್ ಕ್ವಾಡ್ರಸ್
ಅಕ್ಕಣ್ಣಿ ಪೂಜಾರ್ತಿಯ ಬಾವಿಕಟ್ಟೆಯಿಂದ
ಹಿಂದೆ ಹಿಂದೆ ನಡೆಯುತ್ತಾರೆ.
ಎಪ್ಪತ್ತಡಿ. ಎಂಬತ್ತು. ತೆಂಗಿನ ಬುಡ.
ಅಷ್ಟರಲ್ಲಿ ಆಚೆಮನೆಯ ಬಾವಿ ಬಂತು.
ಇಲ್ಲಿ ಆಗುವುದಿಲ್ಲ, ಅಂದೆ.
ಹೊಯ್ಗೆ ನೆಲ, ನಾಲ್ಕಡಿಗೆ ನೀರು;
ಇಂದು ಹೂತದ್ದು ಬರುವ ವಾರ
ಎಲ್ಲರ ಕೊಡಪಾನದಲ್ಲಿ.

ಹಟ್ಟಿಯಲ್ಲಿ ಬೊಳ್ಳಿ ಕಾಲು ಚಾಚಿದೆ.
ಚರ್ಮದೊಳಗೆ ಯಾರೋ ಗೇರುಬೀಜ ಹೊಲಿದ ಹಾಗೆ
ಮೈತುಂಬ ಗಂಟು.
ಕಿವಿಯ ಹಳದಿ ಬಿಲ್ಲೆಯ ಹನ್ನೆರಡು ಅಂಕಿ ಬರೆದುಕೊಂಡೆ.
ನೊಣಗಳು ಎದ್ದವು, ಕೂತವು.
ಕರು ದೂರದಲ್ಲಿ, ಬಚ್ಚಲ ಹಿಂದೆ,
ಲಕ್ಕಿಸೊಪ್ಪಿನ ಹೊಗೆಯಲ್ಲಿ ಕೂಗುತ್ತಿದೆ.

ಕಡಲು ಹತ್ತಿರ ಉಂಟಲ್ಲ, ಯಾರೋ ಅಂದರು,
ರಾತ್ರಿ ಬಿಟ್ಟು ಬರುವ.
ಬಲೆಯ ಹರಕು ಕಟ್ಟುತ್ತಿದ್ದ ಜಾರಪ್ಪ ಮೆಂಡನ್
ತಲೆ ಎತ್ತಲೇ ಇಲ್ಲ:
“ಕಡಲು ಇಂಥದ್ದನ್ನೆಲ್ಲ ಇಟ್ಟುಕೊಳ್ಳುವುದಿಲ್ಲ ಮಾರಾಯ.
ಮೂರನೇ ದಿನ ನಮ್ಮ ದೋಣಿಯ ಬುಡಕ್ಕೇ ತಂದು ಹಾಕ್ತದೆ.”
ಹಳೇ ಕಲ್ಲಿನ ಕೋರೆ? ಮಳೆಗಾಲದಲ್ಲಿ ಮಕ್ಕಳು ಈಜುವ ಕೋರೆ.
ಸುಟ್ಟರೆ? ಎಷ್ಟು ಕಟ್ಟಿಗೆ ಕೊಡ್ತೀರಿ, ಕೇಳಿದೆ.
ಸುಮ್ಮನಾದರು.

ಆಗ ದೂಮಣ್ಣ ಶೆಟ್ಟರು, ಯಾರಿಗೂ ಅಲ್ಲ, ಗಾಳಿಗೆ ಎಂಬಂತೆ:
“ಮೊದಲಾದರೆ ಒಂದು ಕೂಗು ಹಾಕಿದರೆ ಸಾಕಿತ್ತು.
ಹಿತ್ತಿಲಿಗೆ ಬಂದು ಎಳೆದುಕೊಂಡು ಹೋಗುತ್ತಿದ್ದರು.”

ಹಾಗೆ ಬರುತ್ತಿದ್ದವನ ಹೆಸರು ಅಂಗಾರ.
ನನ್ನಜ್ಜ.
ಒಂದು ಹುರಿಹಗ್ಗ, ಜೊತೆಗೊಬ್ಬ ತಮ್ಮ,
ಅಂಗಳ ಮೆಟ್ಟದ ಕಾಲು.
ಎಳೆದ ದಾರಿಗೆ ಅವನ ಬೆನ್ನ ಹಿಂದೆಯೇ
ಸೆಗಣಿನೀರು ಚೆಲ್ಲುತ್ತಿದ್ದರಂತೆ.
ನಾನು ಹೇಳಲಿಲ್ಲ.
ಕೈಗವಸಿನ ಪೆಟ್ಟಿಗೆ ಒಡೆದು
ಒಬ್ಬೊಬ್ಬರಿಗೂ ಒಂದೊಂದು ಜೊತೆ ಹಂಚಿದೆ.
ಶೆಟ್ಟರಿಗೂ. ಅವರ ಬೆರಳು ನಡುಗಿ
ಕಿರುಬೆರಳಿನ ಮನೆಯಲ್ಲಿ ಎರಡು ಹೊಕ್ಕವು;
ನಾನೇ ಬಿಡಿಸಿ ಹಾಕಿದೆ.

ಪದವಿನಲ್ಲಿ ಪಂಚಾಯತಿನ ಜಾಗ.
ಜೆಸಿಬಿಯ ಯಮನೂರ, ಬಾದಾಮಿ ಕಡೆಯ ಹುಡುಗ,
ಮುರಕಲ್ಲಿಗೆ ಹಲ್ಲು ತಾಗಿ ಕಿಡಿ ಹಾರಿದಾಗ ನಕ್ಕ:
“ನಮ್ಮ ಕಡಿ ಎರಿ ಭೂಮಿರೀ, ಬೆಣ್ಣಿ ತಗದಂಗ ಬರ್ತೈತಿ.
ಇದೇನ್ ನೆಲಾನೋ, ಕಬ್ಬಿಣಾನೋ!”
ಐದಡಿಗೆ ಕೆಂಪು ಮುಗಿದು ಶೇಡಿಮಣ್ಣು.
ಎಂಟಕ್ಕೆ ನಿಲ್ಲಿಸಿದೆ.
ಒಂದು ಹಿಡಿ ಹಿಂಡಿ ನೋಡಿದೆ. ಒಣಗಿತ್ತು.

ಕೆಳಗೆ ಹಟ್ಟಿಯಲ್ಲಿ ಯಾರೋ ಕಾಲಿಗೆ ಹಗ್ಗ ಬಿಗಿದಿದ್ದರು.
ಬಿಚ್ಚಿ, ಅಂದೆ.
ಎಳೆಯಬಾರದು. ಮೂಗಿನದು ಬಾಯಿಯದು ಸೋರಿ
ದಾರಿಯುದ್ದ ರೋಗ ಬರೆದುಕೊಂಡು ಹೋಗುತ್ತದೆ.
ಟರ್ಪಾಲು ಹಾಸಿ. ಎತ್ತಿ.

ಎತ್ತಿದರು.
ಎಂಟು ಜನ, ಒಂದು ಮೂಲೆ ದೂಮಣ್ಣ ಶೆಟ್ಟರದು.
ಪಿಕಪ್ಪಿನವರೆಗೆ ಇಪ್ಪತ್ತು ಹೆಜ್ಜೆ.
ಅಜ್ಜ, ನಿನಗೆ ಇದನ್ನು ಯಾರೂ ಹೇಳಿರಲಿಲ್ಲ,
ಎತ್ತಬಹುದೆಂದು.

ಹೊಂಡದೊಳಗೆ ಇಳಿದು ಹೊಟ್ಟೆಗೆ ಕತ್ತಿ ಹಾಕಬೇಕು;
ಇಲ್ಲವಾದರೆ ಉಬ್ಬಿ ಮಣ್ಣನ್ನೇ ಮೇಲೆತ್ತುತ್ತದೆ.
ಹಾಕಿದೆ. ಎಲ್ಲರೂ ಮುಖ ತಿರುಗಿಸಿದರು.
ಅಕ್ಕಣ್ಣಿ ತಿರುಗಿಸಲಿಲ್ಲ.
“ನೋವಾಗುದಿಲ್ಲ ಅಲ್ವಾ ಮಗಾ?”
ಇಲ್ಲ ಅಕ್ಕ.
ಸುಣ್ಣ, ಉಪ್ಪು, ಮತ್ತೆ ಸುಣ್ಣ. ಕೊರಳ ಹಗ್ಗವೂ ಒಳಗೆ.
ಗಂಟೆಯನ್ನು ಮಾತ್ರ ಬ್ಲೀಚಿಂಗ್ ನೀರಿನ ಬಾಲ್ದಿಗೆ ಹಾಕಿ
ನಾಳೆಯವರೆಗೆ ಮುಟ್ಟಬೇಡಿ ಅಂದೆ.
ಆಕೆ ಬಾಲ್ದಿಯ ಪಕ್ಕದಲ್ಲೇ ಕೂತಳು.

ನಾಯಿ ಕೆದರದಂತೆ ಮುಳ್ಳು ಹಾಕಿ, ಕಲ್ಲು ಹೇರಿ,
ಬಾನೆಟ್ಟಿನ ಮೇಲೆ ರಿಜಿಸ್ಟರು ಬಿಚ್ಚಿದೆ.
ಆಳ: ಎಂಟು ಅಡಿ. ಸುಣ್ಣ: ಮೂರು ಚೀಲ.
ವಿಲೇವಾರಿ ಮಾಡಿದವರು:
ಸಿರಿಲ್, ಯಮನೂರ, ಜಾರಪ್ಪ,
ಬರೆಯುತ್ತ ಬಂದೆ.
“ನನ್ನ ಹೆಸರೂ ಬೇಕಾ?” ಶೆಟ್ಟರು ಕೇಳಿದರು,
ಸುಣ್ಣದ ಕೈಯನ್ನು ಮೈಯಿಂದ ದೂರ ಹಿಡಿದುಕೊಂಡು.
ಬೇಕು, ಅಂದೆ.

ಅಷ್ಟರಲ್ಲಿ ಎರಡು ಫೋನು ಬಂದಿತ್ತು.
ಟೇಪಿಗೆ ಅಂಟಿದ ಶೇಡಿ ಒರೆಸಿ
ಸುತ್ತಿಕೊಂಡೆ.